ಒಂದು ಬಿಲ್ಲೆ, ಒಂದು ಕುರ್ಚಿ

1982ರಲ್ಲಿ ಲಾಸ್ ವೇಗಾಸಿನ ಬಿನಿಯನ್ಸ್ ಹಾರ್ಸ್‌ಶೂ ಕ್ಯಾಸಿನೋದಲ್ಲಿ ನಡೆದದ್ದು ಅಂತ ಪೋಕರ್ ಮಂದಿ ಇವತ್ತಿಗೂ ಹೇಳಿಕೊಳ್ಳುವ ಒಂದು ಕಥೆ ಇದೆ. ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮುಖ್ಯ ಟೂರ್ನಿ. 104 ಜನ ಆಟಗಾರರು, ತಲೆಗೆ 10,000 ಡಾಲರ್. ಅವರಲ್ಲೊಬ್ಬ ಜ್ಯಾಕ್ ಸ್ಟ್ರಾಸ್. ಆರೂವರೆ ಅಡಿ ಎತ್ತರದ ಆಸಾಮಿ, ಅದಕ್ಕೇ 'ಟ್ರೀಟಾಪ್' ಅಂತ ಅಡ್ಡಹೆಸರು. ಒಂದು ಆಟದಲ್ಲಿ ತನ್ನ ಬಿಲ್ಲೆಗಳನ್ನೆಲ್ಲ ಮುಂದಕ್ಕೆ ತಳ್ಳಿ ಸೋತ. ಎದ್ದು ಹೊರಡುವಾಗ ನೋಡ್ತಾನೆ, ಮೇಜಿನ ಮೇಲೆ ನ್ಯಾಪ್ಕಿನ್ ಕೆಳಗೆ 500ರ ಒಂದು ಬಿಲ್ಲೆ ಉಳಿದುಬಿಟ್ಟಿದೆ! ಬಾಯಿಬಿಟ್ಟು 'ಆಲ್-ಇನ್' ಅಂತ ಹೇಳಿರಲಿಲ್ಲವಾದ್ದರಿಂದ ಆ ಬಿಲ್ಲೆ ಅವನದೇ ಅಂತಾಯಿತು. ಮತ್ತೆ ಕೂತ. ಕೊನೆಗೆ ಟೂರ್ನಿಯನ್ನೇ ಗೆದ್ದು 5,20,000 ಡಾಲರ್ ತಗೊಂಡು ಹೋದ. ನ್ಯಾಪ್ಕಿನ್ನಿನ ಭಾಗಕ್ಕೆ ಎಷ್ಟು ಉಪ್ಪುಖಾರ ಸೇರಿದೆಯೋ, ಗೆದ್ದದ್ದಂತೂ ದಾಖಲಾದ ಸತ್ಯ. 'ಒಂದು ಬಿಲ್ಲೆ, ಒಂದು ಕುರ್ಚಿ ಇದ್ದರೆ ಸಾಕು' ಅನ್ನುವ ಮಾತು ಪೋಕರ್ ಲೋಕದಲ್ಲಿ ಗಾದೆಯಾಗಿ ನಿಂತದ್ದು ಈ ಘಟನೆಯಿಂದ.

ನನಗೆ ಈ ಗಾದೆಯ ಮೇಲೆ ಸ್ವಲ್ಪ ಸಿಟ್ಟಿದೆ. ಯಾಕಂದ್ರೆ ಬಿಲ್ಲೆ ಕಮ್ಮಿಯಾದವನು ಏನು ಮಾಡಬೇಕು ಅನ್ನುವ ಪ್ರಶ್ನೆಗೆ ಗಣಿತದವರು, ಬ್ಯಾಕ್‌ಗ್ಯಾಮನ್ ಆಡುವವರು, ಕಂಪ್ಯೂಟರ್ ವಿಜ್ಞಾನಿಗಳು ಎಲ್ಲ ಸೇರಿ ಮುಂದಿನ 25 ವರ್ಷಗಳಲ್ಲಿ ಕಂಡುಕೊಂಡ ಉತ್ತರ ಈ ಗಾದೆಗೆ ಪೂರ್ತಿ ಉಲ್ಟಾ. ಆ ಉತ್ತರದ ಕಥೆಯೇ ಈ ಬರಹ.

ಮೊದಲು ಆಟ ಗೊತ್ತಿಲ್ಲದವರಿಗೆ ನಾಲ್ಕು ಮಾತು. ನೋ-ಲಿಮಿಟ್ ಟೆಕ್ಸಾಸ್ ಹೋಲ್ಡೆಮ್‌ನಲ್ಲಿ ಪ್ರತಿಯೊಬ್ಬನ ಕೈಗೆ ಎರಡು ಎಲೆ, ಮೇಜಿನ ನಡುವೆ ಎಲ್ಲರಿಗೂ ಸೇರಿದ ಐದು ಎಲೆ. ಎಲೆ ಹಾಕುವ ಮುಂಚೆಯೇ ಇಬ್ಬರು ಕಡ್ಡಾಯವಾಗಿ ಹಣ ಇಡಬೇಕು: ಸ್ಮಾಲ್ ಬ್ಲೈಂಡ್ ಅರ್ಧ, ಬಿಗ್ ಬ್ಲೈಂಡ್ ಪೂರ್ತಿ. (ನಮ್ಮ ಮೂರೆಲೆ ಆಟದಲ್ಲಿ 'ಬ್ಲೈಂಡ್ ಆಡೋದು' ಅಂದರೆ ಎಲೆ ನೋಡದೆ ಆಡೋದು. ಇದು ಅದಲ್ಲ.) ಟೂರ್ನಿಯಲ್ಲಿ ಈ ಬ್ಲೈಂಡ್ ಗಡಿಯಾರದ ಪ್ರಕಾರ ಏರುತ್ತಾ ಹೋಗುತ್ತದೆ. ದೊಡ್ಡ ಟೂರ್ನಿಗಳಲ್ಲಿ ಒಂದೋ ಎರಡೋ ಗಂಟೆಗೊಮ್ಮೆ, ಟರ್ಬೋ ಅನ್ನುವ ವೇಗದ ಟೂರ್ನಿಗಳಲ್ಲಿ ಐದು ನಿಮಿಷಕ್ಕೋ ಮೂರು ನಿಮಿಷಕ್ಕೋ. ಸುಮ್ಮನೆ ಕೂತವನ ಬಿಲ್ಲೆಗಳನ್ನು ಬ್ಲೈಂಡೇ ತಿಂದು ಮುಗಿಸುತ್ತದೆ. ಬಾಡಿಗೆ ಮನೆಯ ಅಡ್ವಾನ್ಸ್‌ನಲ್ಲೇ ಬಾಡಿಗೆ ಮುರಿದುಕೊಂಡ ಹಾಗೆ, ಅದೂ ಬಾಡಿಗೆ ವಾರಕ್ಕೊಮ್ಮೆ ದುಪ್ಪಟ್ಟಾಗುವ ಮನೆ.

ವರ್ಲ್ಡ್ ಸೀರೀಸ್ ಶುರುವಾದದ್ದು 1970ರಲ್ಲಿ. ಆ ವರ್ಷ ಟೂರ್ನಿ ಅನ್ನುವಂಥದ್ದೇ ಇರಲಿಲ್ಲ, ಆಟಗಾರರೇ ಓಟು ಹಾಕಿ ಜಾನಿ ಮಾಸ್‌ನನ್ನು ವಿಜೇತ ಅಂತ ಆರಿಸಿದರು! ಬಿಲ್ಲೆ ಮುಗಿದವನು ಎದ್ದುಹೋಗುವ ಪದ್ಧತಿ ಬಂದದ್ದು 1971ರಲ್ಲಿ. ಆಗ ಆಡುತ್ತಿದ್ದವರೆಲ್ಲ ಟೆಕ್ಸಾಸ್ ಕಡೆಯ ಪಳಗಿದ ಜೂಜುಗಾರರು. ಅವರ ಬಲವೆಲ್ಲ ಎದುರಾಳಿಯ ಮುಖ ಓದುವುದರಲ್ಲಿ, ನಡುವಿನ ಎಲೆ ಬಿದ್ದ ಮೇಲೆ ಒತ್ತಡ ಹಾಕುವುದರಲ್ಲಿ. ಬಿಲ್ಲೆ ಕಮ್ಮಿಯಾದಾಗ ಏನು ಮಾಡಬೇಕು ಅಂದರೆ ಒಳ್ಳೆ ಎಲೆಗೆ ಕಾಯಿ, ಆದಷ್ಟು ಹೊತ್ತು ಬದುಕಿರು ಅನ್ನುವುದಷ್ಟೇ ಸಲಹೆ. ನಿಧಾನದ ಟೂರ್ನಿಗಳಲ್ಲಿ ಅದು ಅಷ್ಟೇನೂ ತಪ್ಪೂ ಅಲ್ಲ, ಕಾಯಲು ಸಮಯ ಇರುತ್ತಿತ್ತು.

ಗಣಿತದವರು ಪೋಕರ್ ಮೇಲೆ ಕಣ್ಣಿಟ್ಟು ಆಗಲೇ ದಶಕಗಳಾಗಿದ್ದವು ಅನ್ನೋದು ತಮಾಷೆ. ಜಾನ್ ವಾನ್ ನ್ಯೂಮನ್ ಮತ್ತು ಆಸ್ಕರ್ ಮಾರ್ಗನ್‌ಸ್ಟರ್ನ್ 1944ರಲ್ಲಿ ಗೇಮ್ ಥಿಯರಿಯ ಮೂಲಗ್ರಂಥ ಬರೆದಾಗ ಅದರಲ್ಲಿ ಪೋಕರ್‌ಗೂ ಬ್ಲಫ್‌ಗೂ ಜಾಗ ಇತ್ತು. ಜಾನ್ ನ್ಯಾಶ್ ತನ್ನ ಸಮತೋಲನದ ಕಲ್ಪನೆಗೆ ಕೊಟ್ಟ ಉದಾಹರಣೆಗಳಲ್ಲಿ ಮೂವರು ಆಡುವ ಪುಟಾಣಿ ಪೋಕರ್ ಕೂಡ ಒಂದು. ಆದರೆ ಇವೆಲ್ಲ ಕಾಗದದ ಮೇಲಿನ ಆಟಗಳು. ಹಾರ್ಸ್‌ಶೂದಲ್ಲಿ ಕೂತವನಿಗೂ ಪ್ರಿನ್ಸ್‌ಟನ್ನಿಗೂ ಸಂಬಂಧವೇ ಇರಲಿಲ್ಲ.

ಸಂಬಂಧ ಹುಟ್ಟಿಸಿದವರಲ್ಲಿ ಮುಖ್ಯ ಹೆಸರು ಡೇವಿಡ್ ಸ್ಕ್ಲಾನ್ಸ್ಕಿ. 2002ರ ತನ್ನ ಟೂರ್ನಿ ಪುಸ್ತಕದಲ್ಲಿ ಅವನೊಂದು ವಿಚಿತ್ರ ಪ್ರಸಂಗ ಹೇಳುತ್ತಾನೆ. ನೋ-ಲಿಮಿಟ್ ಹೋಲ್ಡೆಮ್ ಆಡಿಯೇ ಗೊತ್ತಿಲ್ಲದ ಒಬ್ಬರನ್ನು ಮುಖ್ಯ ಟೂರ್ನಿಗೆ ಕೂರಿಸಬೇಕು, ಏನಾದರೂ ಸುಲಭದ ದಾರಿ ಹೇಳಿಕೊಡು ಅಂತ ಇವನಿಗೆ ಕೇಳಿಕೊಂಡರಂತೆ. ಇವನು ಕೊಟ್ಟ ಸೂತ್ರದಲ್ಲಿ ಎರಡೇ ನಡೆ: ಒಂದೋ ಎಲೆ ಬಿಸಾಕು, ಇಲ್ಲವೇ ಎಲ್ಲಾ ಬಿಲ್ಲೆ ಮುಂದಕ್ಕೆ ತಳ್ಳು. ಮಧ್ಯದ್ದು ಏನೂ ಇಲ್ಲ. ಕೇಳಿದರೆ ಪೆದ್ದುತನ ಅನ್ನಿಸುತ್ತೆ. ಆದರೆ ಯೋಚಿಸಿ ನೋಡಿ: ಪಳಗಿದ ಆಟಗಾರನ ಅನುಭವವೆಲ್ಲ ಕೆಲಸ ಮಾಡೋದು ನಡುವಿನ ಎಲೆಗಳು ಬಿದ್ದ ಮೇಲೆ. ಎಲೆ ಬೀಳುವ ಮುಂಚೆಯೇ ಎಲ್ಲ ಒಳಗೆ ಹೋಗಿಬಿಟ್ಟರೆ ಆ ಅನುಭವಕ್ಕೆ ಏನು ಬೆಲೆ? ಕುಸ್ತಿ ಪಟುವಿನ ಜೊತೆ ಹಾವು-ಏಣಿ ಆಡಿದ ಹಾಗೆ. ಅದೇ ಪುಸ್ತಕದಲ್ಲಿ ಇನ್ನೊಂದು ವಿಷಯವನ್ನೂ ಅವನು ಒತ್ತಿ ಹೇಳಿದ. ತಾನೇ ಮುಂದಾಗಿ ತಳ್ಳುವವನಿಗಿಂತ, ಬೇರೆಯವನು ತಳ್ಳಿದ್ದಕ್ಕೆ 'ಕಾಲ್' ಅನ್ನುವವನ ಕೈಯಲ್ಲಿ ಒಳ್ಳೆ ಎಲೆ ಇರಬೇಕು. ಇವೆರಡರ ನಡುವಿನ ಅಂತರಕ್ಕೆ 'ಗ್ಯಾಪ್' ಅಂತ ಹೆಸರಿಟ್ಟ.

ಈ ಅಂತರ ಯಾಕೆ ಅನ್ನೋದನ್ನು ಒಂದು ಚಿಕ್ಕ ಲೆಕ್ಕದಲ್ಲಿ ಹೇಳಿಬಿಡ್ತೀನಿ. (ಲೆಕ್ಕ ಅಂದ್ರೆ ಅಲರ್ಜಿ ಇದ್ದವರು ಈ ಪ್ಯಾರಾ ಹಾರಿಸಿ :-) ) ಇಬ್ಬರೇ ಉಳಿದಿದ್ದಾರೆ, ಇಬ್ಬರ ಬಳಿಯೂ 10 ಬಿಗ್ ಬ್ಲೈಂಡ್‌ನಷ್ಟು ಬಿಲ್ಲೆ. ನಾನು ಸ್ಮಾಲ್ ಬ್ಲೈಂಡ್, ಅರ್ಧ ಆಗಲೇ ಇಟ್ಟಿದ್ದೇನೆ. ಮೇಜಿನ ಮೇಲೆ ಒಟ್ಟು ಒಂದೂವರೆ. ನಾನು ಎಲ್ಲ ತಳ್ಳಿದೆ. ಎದುರಾಳಿ ನೂರಕ್ಕೆ 70 ಸಲ ಎಲೆ ಬಿಸಾಕುತ್ತಾನೆ ಅಂದುಕೊಳ್ಳಿ, ಆಗೆಲ್ಲ ನನಗೆ ಒಂದೂವರೆ ಲಾಭ. ಸರಾಸರಿ 1.05. ಉಳಿದ 30 ಸಲ ಕಾಲ್ ಮಾಡುತ್ತಾನೆ, ಅವನ ಎಲೆ ಚೆನ್ನಾಗಿರುತ್ತೆ, ನಾನು ಗೆಲ್ಲೋದು ನೂರಕ್ಕೆ 35 ಮಾತ್ರ ಅಂತಿಟ್ಟುಕೊಳ್ಳಿ. 20ರ ರಾಶಿಯಲ್ಲಿ ನನ್ನ ಪಾಲು 7, ಹಾಕಿದ್ದು ಒಂಬತ್ತೂವರೆ, ನಷ್ಟ ಎರಡೂವರೆ. 30 ಸಲಕ್ಕೆ ಸರಾಸರಿ 0.75. ಎರಡನ್ನೂ ಕೂಡಿಸಿ ಕಳೆದರೆ ಇನ್ನೂ 0.30 ಲಾಭ! ಅಂದರೆ ಮೂರರಲ್ಲಿ ಎರಡು ಸಲ ಸೋಲುವ ಎಲೆಯನ್ನು ತಳ್ಳಿದರೂ ಲಾಭವೇ. ಲಾಭ ಎಲ್ಲಿಂದ ಬಂತು? ಎದುರಾಳಿ ಬಿಸಾಕಿದ ಸಲಗಳಿಂದ. ಕಾಲ್ ಮಾಡುವವನಿಗೆ ಈ ಉಚಿತದ ಲಾಭ ಇಲ್ಲವೇ ಇಲ್ಲ, ಅವನು ಎಲೆಯ ಬಲದ ಮೇಲೇ ಗೆಲ್ಲಬೇಕು.

ಈಗ ಸ್ಟ್ರಾಸ್‌ನ ಒಂದು ಬಿಲ್ಲೆ ನೆನಪು ಮಾಡಿಕೊಳ್ಳಿ. ಬಿಗ್ ಬ್ಲೈಂಡ್‌ನ ಒಂದೋ ಎರಡೋ ಪಟ್ಟು ಮಾತ್ರ ಉಳಿದಿದ್ದರೆ ಎದುರಾಳಿ ಬಿಸಾಕುವ ಪ್ರಶ್ನೆಯೇ ಇಲ್ಲ, ಕಣ್ಣು ಮುಚ್ಚಿಕೊಂಡು ಕಾಲ್ ಮಾಡ್ತಾನೆ. ಹೆದರಿಸುವ ಶಕ್ತಿ ಸೊನ್ನೆ. ಹಾಗಾಗಿ ಒಂದು ಬಿಲ್ಲೆಗೆ ಇಳಿಯುವ ತನಕ ಕಾಯುವುದು ಬದುಕುವ ದಾರಿಯಲ್ಲ. ಎದುರಿನವನಿಗೆ ಇನ್ನೂ ನೋವಾಗುವಷ್ಟು ಬಿಲ್ಲೆ ಇರುವಾಗಲೇ ತಳ್ಳಬೇಕು. ಗಾದೆಗೆ ಉಲ್ಟಾ ಅಂದದ್ದು ಇದಕ್ಕೇ.

2003ರಲ್ಲಿ ಕ್ರಿಸ್ ಮನಿಮೇಕರ್ ಅನ್ನುವ ಅಕೌಂಟೆಂಟ್ (ಹೆಸರು ನಿಜವಾದದ್ದೇ!) 86 ಡಾಲರಿನ ಆನ್‌ಲೈನ್ ಟೂರ್ನಿಯಿಂದ ಸೀಟು ಗಿಟ್ಟಿಸಿಕೊಂಡು ವರ್ಲ್ಡ್ ಸೀರೀಸ್ ಗೆದ್ದು 25 ಲಕ್ಷ ಡಾಲರ್ ಹೊಡೆದ. 839 ಇದ್ದ ಆಟಗಾರರ ಸಂಖ್ಯೆ ಮರುವರ್ಷವೇ 2,576 ಆಯಿತು. ಈ ಎರಡೂ ವರ್ಷ ಕೊನೆಯ ಮೇಜಿನಲ್ಲಿ ಕೂತಿದ್ದ ಒಬ್ಬನೇ ಮನುಷ್ಯ ಡ್ಯಾನ್ ಹ್ಯಾರಿಂಗ್ಟನ್, 1995ರ ಚಾಂಪಿಯನ್. ಅವನು ಬಿಲ್ ರೋಬರ್ಟಿ ಜೊತೆ ಸೇರಿ ಬರೆದ ಪುಸ್ತಕದ ಮೊದಲ ಭಾಗ 2004ರಲ್ಲಿ, ಕೊನೆಯಾಟದ ಕುರಿತ ಎರಡನೇ ಭಾಗ 2005ರಲ್ಲಿ ಬಂತು. ಶಾರ್ಟ್ ಸ್ಟ್ಯಾಕ್ ಆಟದ ಭಾಷೆ ಜನಸಾಮಾನ್ಯರಿಗೆ ಸಿಕ್ಕಿದ್ದು ಆ ಎರಡನೇ ಭಾಗದಿಂದ. ರೋಬರ್ಟಿ ಮೂಲತಃ ಬ್ಯಾಕ್‌ಗ್ಯಾಮನ್ ಚಾಂಪಿಯನ್. ಪುಸ್ತಕದ ಕೇಂದ್ರದಲ್ಲಿರುವ 'ಎಂ' ಅನ್ನುವ ಸಂಖ್ಯೆಗೆ ಆ ಹೆಸರು ಬಂದದ್ದು ಪಾಲ್ ಮ್ಯಾಗ್ರಿಯಲ್ ಅನ್ನುವ ಇನ್ನೊಬ್ಬ ಬ್ಯಾಕ್‌ಗ್ಯಾಮನ್ ದಿಗ್ಗಜ, ಗಣಿತಜ್ಞನಿಂದ.

ಎಂ ಅಂದರೆ ಸರಳ. ಬ್ಲೈಂಡುಗಳು ಮತ್ತು ಎಲ್ಲರೂ ಇಡುವ ಆಂಟಿ ಸೇರಿ ಒಂದು ಸುತ್ತಿಗೆ ಎಷ್ಟು ಖರ್ಚು, ನಿಮ್ಮ ಬಿಲ್ಲೆ ಅದರ ಎಷ್ಟು ಪಟ್ಟು? 500-1000 ಬ್ಲೈಂಡ್, ಒಂಬತ್ತು ಜನ ತಲೆಗೆ 100 ಆಂಟಿ, ಒಟ್ಟು 2,400. ನಿಮ್ಮ ಬಳಿ 12,000 ಇದ್ದರೆ ಎಂ 5. 20ಕ್ಕಿಂತ ಮೇಲಿದ್ದರೆ ಹಸಿರು ವಲಯ, ಬೇಕಾದ ಆಟ ಆಡಿ. ಅಲ್ಲಿಂದ 10ರವರೆಗೆ ಹಳದಿ, 6ರವರೆಗೆ ಕಿತ್ತಳೆ, ಅದರ ಕೆಳಗೆ ಕೆಂಪು. ಕೆಂಪಿನಲ್ಲಿ ಸ್ಕ್ಲಾನ್ಸ್ಕಿ ಹೇಳಿದ ಎರಡೇ ನಡೆ, ತಳ್ಳು ಅಥವಾ ಬಿಸಾಕು. ಟ್ರಾಫಿಕ್ ಸಿಗ್ನಲ್ ತರಹದ ಈ ಬಣ್ಣಗಳೇ ಪುಸ್ತಕದ ಯಶಸ್ಸಿನ ಗುಟ್ಟು ಅಂತ ನನ್ನ ಅನಿಸಿಕೆ, ಅಷ್ಟು ಬೇಗ ನೆನಪಿನಲ್ಲಿ ಕೂರುತ್ತೆ.

ಇದಕ್ಕೆ ತಕರಾರು ತೆಗೆದವನು ಆರ್ನಾಲ್ಡ್ ಸ್ನೈಡರ್. ಬ್ಲ್ಯಾಕ್‌ಜ್ಯಾಕ್ ಎಲೆ ಎಣಿಸುವವರ ಲೋಕದಿಂದ ಬಂದವನು. 2006ರಲ್ಲಿ ವೇಗದ ಟೂರ್ನಿಗಳ ಮೇಲೆಯೇ ಒಂದು ಪುಸ್ತಕ ಬರೆದ. ಅವನ ವಾದ ಏನಂದ್ರೆ, ಎಂ 5 ಇದ್ದರೆ ಐದು ಸುತ್ತು ಬದುಕಬಹುದು ಅನ್ನೋದು ಗಡಿಯಾರ ನಿಂತಿದ್ದರೆ ಮಾತ್ರ ಸರಿ. ವೇಗದ ಟೂರ್ನಿಯಲ್ಲಿ ಎರಡು ಸುತ್ತು ಮುಗಿಯುವಷ್ಟರಲ್ಲಿ ಬ್ಲೈಂಡೇ ಏರಿರುತ್ತದಲ್ಲ! ಅದಕ್ಕೆ ಅವನು ಬೇರೆ ಅಳತೆ ತಂದ. ಒಂದೂ ಆಟ ಆಡದೆ ಸುಮ್ಮನೆ ಕೂತರೆ ಎಷ್ಟು ಗಂಟೆಯಲ್ಲಿ ಬಿಲ್ಲೆ ಮುಗಿಯುತ್ತದೆ ನೋಡಿ, ಅದರ ವರ್ಗ ಮಾಡಿ, ಅದೇ ಆ ಟೂರ್ನಿಯ 'ತಾಳ್ಮೆಯ ಅಂಕ'. ಅಂಕ ಚಿಕ್ಕದಾದಷ್ಟೂ ಮೊದಲಿನಿಂದಲೇ ಮೇಲೆ ಬಿದ್ದು ಆಡಬೇಕು. ಹ್ಯಾರಿಂಗ್ಟನ್ ಪಕ್ಷದವರಿಗೂ ಸ್ನೈಡರ್ ಪಕ್ಷದವರಿಗೂ ಆಗ ಜೋರು ಜಗಳ ನಡೆದಿತ್ತು. ನನ್ನ ಓಟು ಇಲ್ಲಿ ಅರ್ಧರ್ಧ. ಕೈಯಲ್ಲಿರುವ ಎಲೆ ತಳ್ಳಬೇಕೋ ಬೇಡವೋ ಅನ್ನಲು ಈ ಕ್ಷಣದ ಬ್ಲೈಂಡ್ ಲೆಕ್ಕವೇ ಬೇಕು, ಅಲ್ಲಿ ಹ್ಯಾರಿಂಗ್ಟನ್ ಸರಿ. ಆದರೆ ಇನ್ನೊಂದು ನಿಮಿಷದಲ್ಲಿ ಬ್ಲೈಂಡ್ ಏರುತ್ತೆ ಅಂತ ಗೊತ್ತಿದ್ದೂ ಹಳದಿ ಬಣ್ಣ ನೋಡಿ ನೆಮ್ಮದಿಯಾಗಿ ಕೂರುವವನಿಗೆ ಸ್ನೈಡರ್ ಹೇಳಿದ್ದು ತಟ್ಟಲೇಬೇಕು.

ಅದೇ 2006ರಲ್ಲಿ ಬಿಲ್ ಚೆನ್ ಮತ್ತು ಜೆರಾಡ್ ಆಂಕೆನ್‌ಮನ್ ಬರೆದ 'ದ ಮ್ಯಾಥಮ್ಯಾಟಿಕ್ಸ್ ಆಫ್ ಪೋಕರ್' ಬಂತು. ನನ್ನಂಥ ಸಾಫ್ಟ್‌ವೇರ್ ಮಂದಿಗೆ ಇಷ್ಟವಾಗುವ ಪುಸ್ತಕ ಇದು. ಕೈಗೆ ಬರುವ ಎರಡು ಎಲೆಗಳ ಜೋಡಣೆ 1,326. ಜಾತಿ ಯಾವುದು ಅನ್ನೋದು ಬಿಟ್ಟು, ಎರಡೂ ಒಂದೇ ಜಾತಿಯೋ ಅಲ್ಲವೋ ಅಂತ ಮಾತ್ರ ನೋಡಿದರೆ ಉಳಿಯೋದು 169 ಬಗೆ. ತಳ್ಳು-ಬಿಸಾಕು ಮಾತ್ರ ಇರುವ ಆಟದಲ್ಲಿ ಒಬ್ಬ ಯಾವುದನ್ನು ತಳ್ಳಬೇಕು, ಇನ್ನೊಬ್ಬ ಯಾವುದಕ್ಕೆ ಕಾಲ್ ಮಾಡಬೇಕು ಅಂತ ಕಂಪ್ಯೂಟರಿಗೆ ಬಿಟ್ಟರೆ, ಇವನು ಅವನಿಗೆ ತಕ್ಕಂತೆ ಬದಲಾಗಿ, ಅವನು ಇವನಿಗೆ ತಕ್ಕಂತೆ ಬದಲಾಗಿ, ಕೊನೆಗೆ ಒಂದು ಕಡೆ ನಿಲ್ಲುತ್ತದೆ. ಅದೇ ನ್ಯಾಶ್ ಸಮತೋಲನ. ಫಲಿತಾಂಶ ಒಂದು ಪುಟದ ಕೋಷ್ಟಕ. 10 ಬಿಗ್ ಬ್ಲೈಂಡ್ ಇದ್ದಾಗ ಸ್ಮಾಲ್ ಬ್ಲೈಂಡ್‌ನವನು ಅರ್ಧಕ್ಕಿಂತ ಹೆಚ್ಚು ಎಲೆಗಳನ್ನು ತಳ್ಳಬೇಕು ಅನ್ನುತ್ತದೆ ಅದು. 'ಒಳ್ಳೆ ಎಲೆಗೆ ಕಾಯಿ' ಅನ್ನುತ್ತಿದ್ದ ಹಳಬರು ಎದೆ ಹಿಡಿದುಕೊಳ್ಳಬೇಕು.

ಆ ಕೋಷ್ಟಕದಲ್ಲಿ ನನಗೆ ತುಂಬಾ ಹಿಡಿಸಿದ್ದು ಒಂದೇ ಜಾತಿಯ 5-3. ಬಿಲ್ಲೆ ಕಮ್ಮಿಯಾದಷ್ಟೂ ತಳ್ಳುವ ಎಲೆಗಳು ಹೆಚ್ಚುತ್ತಾ ಹೋಗಬೇಕು, ಅಲ್ವಾ? ಈ 5-3 ಹಾಗಲ್ಲ. ಸುಮಾರು 12 ಬ್ಲೈಂಡಿನಿಂದ 4ರವರೆಗೆ ತಳ್ಳು, ಅದಕ್ಕಿಂತ ಕೆಳಗೆ ಬೇಡ, ಎರಡೂ ಚಿಲ್ಲರೆಗೆ ಇಳಿದ ಮೇಲೆ ಮತ್ತೆ ತಳ್ಳು! ಕಾರಣ ಚೆನ್ನಾಗಿದೆ. ಬಿಲ್ಲೆ ಹೆಚ್ಚಿದ್ದಾಗ ಕಾಲ್ ಮಾಡುವವನ ಕೈಯಲ್ಲಿ ದೊಡ್ಡ ಎಲೆಗಳೇ ಇರುತ್ತವೆ. ಅವುಗಳೆದುರು ಪುಟ್ಟ 5-3 ಅಷ್ಟೇನೂ ಸಾಯುವುದಿಲ್ಲ, ಸ್ಟ್ರೇಟೋ ಫ್ಲಶ್ಶೋ ಬೀಳಬಹುದು. ಬಿಲ್ಲೆ ಕಮ್ಮಿಯಾದಾಗ 9-4ರಂಥ ಕಸವೂ ಕಾಲ್ ಮಾಡುತ್ತೆ, ಆ ಕಸವೂ 5-3ಕ್ಕಿಂತ ದೊಡ್ಡದೇ. ಇನ್ನೂ ಕಮ್ಮಿಯಾದರೆ ಮೇಜಿನ ಮೇಲಿನ ಹಣದೆದುರು ಯಾವ ಎಲೆಯಾದರೂ ನಡೆಯುತ್ತೆ. ಯಾವ ಜೂಜುಗಾರನ ಅಂತಃಪ್ರಜ್ಞೆಯೂ ಇದನ್ನು ಕಂಡುಹಿಡಿಯುತ್ತಿರಲಿಲ್ಲ ಅಂತ ನನಗನ್ನಿಸುತ್ತೆ.

ಕೋಷ್ಟಕ ಬಾಯಿಪಾಠ ಮಾಡಲಾಗದವರಿಗೆ ಲೀ ಜೋನ್ಸ್ ಮತ್ತು ಜೇಮ್ಸ್ ಕಿಟ್ಟಕ್ 'ಸೇಜ್' ಅನ್ನುವ ಮನೋಗಣಿತ ಕೊಟ್ಟರು. ದೊಡ್ಡ ಎಲೆಯ ಬೆಲೆ ಎರಡರಿಂದ ಗುಣಿಸು, ಚಿಕ್ಕದರ ಬೆಲೆ ಕೂಡಿಸು, ಒಂದೇ ಜಾತಿಯಾದರೆ 2, ಜೋಡಿಯಾದರೆ 22 ಸೇರಿಸು. ರಾಜನಿಗೆ 13, ಹಾಗಾಗಿ ಒಂದೇ ಜಾತಿಯ ರಾಜ-8 ಅಂದರೆ 36. ಇದನ್ನು ಬಿಲ್ಲೆಯ ಪ್ರಮಾಣಕ್ಕೆ ಗೊತ್ತುಮಾಡಿದ ಅಂಕದ ಜೊತೆ ಹೋಲಿಸಿದರಾಯಿತು. ಮಗ್ಗಿ ಬಂದರೆ ಸಾಕು.

'ತಳ್ಳು-ಬಿಸಾಕು ಅನ್ನೋದು ಒರಟು ಅಂದಾಜು, ನಿಜವಾದ ಉತ್ತಮ ಆಟ ಬೇರೆಯೇ ಇರಬಹುದಲ್ಲ?' ಅನ್ನುವ ಅನುಮಾನ ಉಳಿದಿತ್ತು. ಅದಕ್ಕೆ 2007ರಲ್ಲಿ ಡೆನ್ಮಾರ್ಕಿನ ಪೀಟರ್ ಮಿಲ್ಟರ್ಸೆನ್ ಮತ್ತು ಟ್ರೋಲ್ಸ್ ಸೋರೆನ್ಸೆನ್ ಉತ್ತರ ಕೊಟ್ಟರು. ಪಾರ್ಟಿಪೋಕರ್ ತಾಣದ ಚಿಕ್ಕ ಟೂರ್ನಿಗಳ ಕೊನೆಯಾಟವನ್ನೇ ತಗೊಂಡರು: ಇಬ್ಬರು, ಒಟ್ಟು 8,000 ಬಿಲ್ಲೆ, ಬ್ಲೈಂಡ್ 300-600. ತಳ್ಳು-ಬಿಸಾಕು ಮಾತ್ರ ಆಡುವವನ ಗೆಲುವಿನ ಸಾಧ್ಯತೆ, ದೇವರಂತೆ ಆಡುವವನಿಗಿಂತ ಹೆಚ್ಚೆಂದರೆ ಶೇಕಡಾ 1.4 ಅಂಶ ಕಮ್ಮಿ ಅಂತ ಸಾಧಿಸಿ ತೋರಿಸಿದರು. ಅಂದಾಜಲ್ಲ, ಸಾಧನೆ! 2008ರಲ್ಲಿ ಸ್ಯಾಮ್ ಗ್ಯಾಂಜ್‌ಫ್ರೀಡ್ ಮತ್ತು ಟುವೊಮಾಸ್ ಸ್ಯಾಂಡ್‌ಹೋಮ್ ಮೂವರ ಆಟಕ್ಕೂ ಇದನ್ನು ವಿಸ್ತರಿಸಿದರು. ಬಿಲ್ಲೆ ಹೆಚ್ಚಿರುವ ನೋ-ಲಿಮಿಟ್ ಆಟ ಎಷ್ಟೋ ಕಠಿಣ, ಮನುಷ್ಯ ಚಾಂಪಿಯನ್ನರನ್ನು ಕಂಪ್ಯೂಟರ್ ಸೋಲಿಸಲು 2017ರವರೆಗೆ ಕಾಯಬೇಕಾಯಿತು. ಆದರೆ ಅದರ ಬಾಲದ ತುದಿ ಹತ್ತು ವರ್ಷ ಮೊದಲೇ ಕೈಗೆ ಸಿಕ್ಕಿತ್ತು.

ಇನ್ನೊಂದು ಎಳೆ ಕುದುರೆ ಜೂಜಿನಿಂದ ಬಂದದ್ದು. ಯಾವ ಕುದುರೆ ಎರಡನೆಯದು, ಮೂರನೆಯದು ಆಗಬಹುದು ಅಂತ ಲೆಕ್ಕ ಹಾಕಲು ಡೇವಿಡ್ ಹಾರ್ವಿಲ್ 1973ರಲ್ಲಿ ಒಂದು ಸೂತ್ರ ಪ್ರಕಟಿಸಿದ್ದ. ಅದೇ ವಿಚಾರವನ್ನು ಮೇಸನ್ ಮಾಲ್ಮುತ್ 1987ರಲ್ಲಿ ಪೋಕರ್ ಬಿಲ್ಲೆಗಳಿಗೆ ಹಚ್ಚಿದ. ಪೋಕರ್ ಮಂದಿ ಇದನ್ನು ಐಸಿಎಂ ಅಂತಾರೆ. ನಾಲ್ವರು ಉಳಿದಿದ್ದಾರೆ, ಎಲ್ಲರ ಬಿಲ್ಲೆ ಸಮ, ಬಹುಮಾನ ಮೊದಲ ಮೂವರಿಗೆ ಮಾತ್ರ: 50, 30, 20 ರೂಪಾಯಿ. ಪ್ರತಿಯೊಬ್ಬನ ಬಿಲ್ಲೆಯ ಬೆಲೆ 25. ಈಗ ಒಬ್ಬನನ್ನು ಸೋಲಿಸಿ ನಿಮ್ಮ ಬಿಲ್ಲೆ ದುಪ್ಪಟ್ಟಾಯಿತು, ಬೆಲೆ 50 ಆಯಿತಾ? ಇಲ್ಲ, 38.33 ಅಷ್ಟೇ. 13 ಚಿಲ್ಲರೆ ಗೆಲ್ಲಲು 25 ಪಣಕ್ಕಿಡಬೇಕು. ಅಂದರೆ ಕಾಲ್ ಮಾಡಲು ಶೇಕಡಾ 65ರಷ್ಟು ಗೆಲ್ಲುವ ಭರವಸೆ ಬೇಕು. ಬ್ಲೈಂಡ್ ಪಕ್ಕಕ್ಕಿಟ್ಟರೆ, ಎದುರಿನವನು ಎಲೆಯನ್ನೇ ನೋಡದೆ ತಳ್ಳಿದ್ದಾನೆ ಅಂತ ಗೊತ್ತಿದ್ದರೂ ಆರರ ಜೋಡಿಯನ್ನು ಬಿಸಾಕಬೇಕು! ಎಕ್ಕ-ರಾಜ ಬೇರೆ ಬೇರೆ ಜಾತಿಯಾದರೆ ಗೆರೆಯ ಮೇಲೇ ನಿಂತಿರುತ್ತದೆ. ಇದು ಗೊತ್ತಿದ್ದವನು ಮೊದಲು ತಳ್ಳುತ್ತಾನೆ, ಗೊತ್ತಿಲ್ಲದವನು ಕಾಲ್ ಮಾಡಿ ಇಬ್ಬರನ್ನೂ ಹಾಳು ಮಾಡುತ್ತಾನೆ, ಪಕ್ಕದಲ್ಲಿ ಸುಮ್ಮನೆ ಕೂತ ಇಬ್ಬರು ಲಾಭ ಮಾಡಿಕೊಳ್ಳುತ್ತಾರೆ.

ಕ್ರಮೇಣ ಈ ಲೆಕ್ಕವೆಲ್ಲ ತಂತ್ರಾಂಶಗಳೊಳಗೆ ಹೋಯಿತು. ಆಟವೂ ಬಾಲದ ಕಡೆಗೇ ಕುಗ್ಗಿತು. 2014ರಲ್ಲಿ ಪೋಕರ್‌ಸ್ಟಾರ್ಸ್ ತಂದ ಸ್ಪಿನ್ ಅಂಡ್ ಗೋ ಆಟದಲ್ಲಿ ಮೂವರೇ ಆಟಗಾರರು, ತಲೆಗೆ 500 ಬಿಲ್ಲೆ, ಬ್ಲೈಂಡ್ 10-20ರಿಂದ ಶುರುವಾಗಿ ಮೂರು ನಿಮಿಷಕ್ಕೊಮ್ಮೆ ಏರಿಕೆ. ಊಟದ ಎಲೆಯಲ್ಲಿ ಉಪ್ಪಿನಕಾಯಿ ಮಾತ್ರ ಬಡಿಸಿದ ಹಾಗೆ, ಟೂರ್ನಿಯ ಕೊನೆಯ ಭಾಗವೇ ಇಡೀ ಟೂರ್ನಿ.

ಇಷ್ಟೆಲ್ಲ ಓದಿ 'ಹಾಗಾದರೆ ಕಲಿತರೆ ದುಡ್ಡು ಮಾಡಬಹುದು' ಅಂತ ಯಾರಿಗಾದರೂ ಅನ್ನಿಸಿದರೆ ಮೇಲಿನ ಲೆಕ್ಕಕ್ಕೆ ವಾಪಸ್ ಬನ್ನಿ. 0.30 ಲಾಭದ ಆ ಸರಿಯಾದ ನಡೆಯಲ್ಲಿ 30ರಲ್ಲಿ ಶೇಕಡಾ 65 ಸಲ ಸೋಲು, ಅಂದರೆ ಹತ್ತಿರ ಹತ್ತಿರ ಐದರಲ್ಲಿ ಒಂದು ಸಲ ಆಟದಿಂದಲೇ ಔಟ್. ಸರಿಯಾಗಿ ಆಡಿಯೂ ಔಟ್! ಕೌಶಲ ಇರೋದು ದಶಾಂಶದಲ್ಲಿ, ಏರಿಳಿತ ಇರೋದು ಇಡೀ ರಾಶಿಯಲ್ಲಿ. ಇದರ ಮೇಲೆ ಪ್ರತಿ ಟೂರ್ನಿಗೂ ನಡೆಸುವವರ ಕಮಿಷನ್. ಟೂರ್ನಿ ಬೇಗ ಮುಗಿದಷ್ಟೂ ಗಂಟೆಗೆ ಹೆಚ್ಚು ಕಮಿಷನ್. ವೇಗ ಯಾರಿಗೆ ಇಷ್ಟ ಅಂತ ಬೇರೆ ಹೇಳಬೇಕಾ?

ಕೌಶಲವೋ ಅದೃಷ್ಟವೋ ಅನ್ನುವ ಈ ಪ್ರಶ್ನೆ ನಮ್ಮ ಬೆಂಗಳೂರಿನ ಕೋರ್ಟಿಗೂ ಬಂದಿತ್ತು. 2013ರಲ್ಲಿ ಕರ್ನಾಟಕ ಹೈಕೋರ್ಟ್ ಪೋಕರ್ ಕೌಶಲದ ಆಟವಾಗಿ ಆಡಿದಾಗ ಲೈಸೆನ್ಸ್ ಬೇಕಿಲ್ಲ ಅಂದಿತು. 2021ರಲ್ಲಿ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ಭಾಗವನ್ನು ಹೊಡೆದುಹಾಕಿತು. 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಕಾಯ್ದೆ ಕೌಶಲವೋ ಅದೃಷ್ಟವೋ ಅನ್ನುವ ಗೋಜಿಗೇ ಹೋಗದೆ ಹಣದ ಆನ್‌ಲೈನ್ ಆಟಗಳಿಗೆಲ್ಲ ಒಂದೇ ಬೀಗ ಜಡಿಯಿತು. ಪೋಕರ್ ಅಂದರೆ ಒಂದೇ ಆಟ ಅನ್ನುವ ಹಾಗೆ ಎಲ್ಲರೂ ವಾದಿಸಿದರು ಅನ್ನೋದೇ ನನ್ನ ತಕರಾರು. ಇನ್ನೂರು ಬ್ಲೈಂಡಿನ ನಿಧಾನದ ಆಟದಲ್ಲಿರುವ ಕೌಶಲ ಬೇರೆ, ಮೂರು ನಿಮಿಷದ ಗಡಿಯಾರ ಇಟ್ಟು ಕೋಷ್ಟಕ ನೋಡಿ ತಳ್ಳುವುದರಲ್ಲಿರುವ ಕೌಶಲ ಬೇರೆ.

ಮ್ಯಾಗ್ರಿಯಲ್ ಬಗ್ಗೆ, ಬ್ಯಾಕ್‌ಗ್ಯಾಮನ್ ಮಂದಿ ಪೋಕರ್‌ಗೆ ನುಗ್ಗಿದ ಬಗ್ಗೆ ಬರೆಯೋಕೆ ಇನ್ನೂ ತುಂಬಾ ಇದೆ. ಅದು ಇನ್ನೊಂದು ಪೋಸ್ಟಿಗೆ ಇರಲಿ.